ಬಿಜ್ಜರಗಿಯ ಲ್ಯಾಂಡ್‌ಮಾಸ್ಟರ್ ನೋಡಲು ಹೋದದ್ದು

ಹುಬ್ಬಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದರೂ ವಿಜಯಪುರದಲ್ಲಿ ಇಳಿಯುವಾಗ ಹನ್ನೊಂದು ದಾಟಿತ್ತು. ದಾರಿಯುದ್ದಕ್ಕೂ ಮುಂದಿನ ಸೀಟಿನ ಮುರಿದ ಕಬ್ಬಿಣ ಮೊಳಕಾಲಿಗೆ ಒತ್ತುತ್ತಲೇ ಇತ್ತು. ಮಾರ್ಚ್ ಇನ್ನೂ ಮುಗಿದಿರಲಿಲ್ಲ, ಬಿಸಿಲು ಮಾತ್ರ ಮೇ ತಿಂಗಳದ್ದು. ಸ್ಟೇಷನ್ ರಸ್ತೆಯಲ್ಲಿ ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು, ತಿಕೋಟಾ ಬಸ್ಸು ಹತ್ತಿದೆ. ಇಪ್ಪತ್ತು ಕಿಲೋಮೀಟರಿಗೆ ಅದು ಒಂದು ತಾಸು ತೆಗೆದುಕೊಂಡಿತು.

ನಾನು ಹೊರಟಿದ್ದು ಒಂದು ಕಾರು ನೋಡಲು. ಜಖಂ ಆದ ವಾಹನಗಳ ವಿಮಾ ತಪಾಸಣೆಯಿಂದ ನಿವೃತ್ತನಾದ ಮೇಲೆ, ಹಳೆಯ ಕಾರುಗಳ ಸ್ಥಿತಿ ನೋಡಿ ದರ್ಜೆ ಕೊಡುವುದು ನನ್ನ ಕಸುಬು. ಒಂದು ಎಂದರೆ ಕಾರ್ಖಾನೆಯಿಂದ ಈಗಷ್ಟೇ ಬಂದಂತಿರುವುದು, ಆರು ಎಂದರೆ ಗುಜರಿ. ಬಿಜ್ಜರಗಿಯ ದ್ರಾಕ್ಷಿ ಬೆಳೆಗಾರ ಶಿವಪ್ಪನ ಬಳಿ ಅವನ ತಂದೆ ಕೊಂಡಿದ್ದ ಲ್ಯಾಂಡ್‌ಮಾಸ್ಟರ್ ಇತ್ತು; ಅಂಬಾಸಿಡರ್‌ಗಿಂತ ಹಿಂದಿನ ಗಾಡಿ. ಅವನು ಕಳಿಸಿದ ಫೋಟೋದಲ್ಲಿ ಅದರ ತಿಳಿಹಸಿರು ಮಾಸಿ, ಬಾಗಿಲಂಚಿನಲ್ಲಿ ಸವೆದಿತ್ತು. ಆದರೆ ಅದು ಕಾರ್ಖಾನೆಯದೇ ಬಣ್ಣ. ಪುಣೆಯ ಸಂಗ್ರಾಹಕರೊಬ್ಬರಿಗೆ ಬೇಕಾದದ್ದೇ ಅದು. “ತೊಳಿಬ್ಯಾಡ್ರಿ, ಪಾಲಿಶ್ ಹಚ್ಚಬ್ಯಾಡ್ರಿ, ಇದ್ದಂಗ ಇರ್ಲಿ” ಎಂದು ಶಿವಪ್ಪನಿಗೆ ಫೋನಿನಲ್ಲಿ ಮೂರು ಸಲ ಹೇಳಿದ್ದೆ.

ತಿಕೋಟಾ ಬಸ್ ನಿಲ್ದಾಣದಲ್ಲಿ ಕಾದು ಕಾದು ಸುಸ್ತಾದ ಮೇಲೆ ಶಿವಪ್ಪ ಮೋಟಾರ್ ಸೈಕಲ್ಲಿನಲ್ಲಿ ಬಂದ. ಬಿಜ್ಜರಗಿಯ ಅವನ ಮನೆ ಮುಟ್ಟಿ ಶೆಡ್ಡಿನ ಬಾಗಿಲು ತೆಗೆದರೆ ಒಳಗೆ ನೆಲದ ಮೇಲೊಂದು ಎಣ್ಣೆ ಕಲೆ, ಅಷ್ಟೇ.

“ಗಾಡಿ ಎಲ್ಲಿ?”

“ಬಬಲೇಶ್ವರಕ್ಕ ಹೋಗೇತ್ರಿ. ನಮ್ಮ ಮನಿಯಾಕಿ ಗಂಗವ್ವ ನಿನ್ನೆನ ಒಯ್ದು ಬಿಟ್ಟು ಬಂದಿದ್ಳು, ಇವತ್ತ ತರಾಕ ಹೋಗ್ಯಾಳ. ಏನೋ ಸಣ್ಣ ರಿಪೇರಿ ಅಂದ್ಳು.”

“ಅದನ್ನ ತಿಕೋಟಾದಾಗ ಹೇಳಾಕ ಏನಾಗಿತ್ತ್ರಿ? ಅಲ್ಲಿಂದನ ಹೋಗಬಹುದಿತ್ತಲ್ಲ!”

“ಮನಿಗೆ ಬರದನ ಹ್ಯಾಂಗ ಹೋಗ್ತೀರಿ? ಊಟ ಆಗಬೇಕಲ್ರಿ ಸಾಹೇಬ್ರ.”

ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಊಟ ಚೆನ್ನಾಗಿತ್ತು ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಆ ಶೆಡ್ಡು ತನಗೆ ದ್ರಾಕ್ಷಿ ಒಣಗಿಸಿ ಮನೂಕ ಮಾಡಲು ಬೇಕು, ಅದಕ್ಕೇ ಗಾಡಿ ಮಾರುತ್ತಿದ್ದೇನೆ ಎಂದು ಶಿವಪ್ಪ ಉಣ್ಣುತ್ತಲೇ ವಿವರಿಸಿದ.

ನೆತ್ತಿ ಸುಡುವ ಹೊತ್ತಿನಲ್ಲಿ ಮೋಟಾರ್ ಸೈಕಲ್ ಮೇಲೆ ಬಬಲೇಶ್ವರಕ್ಕೆ ಹೊರಟೆವು. ನನ್ನ ತೊಡೆಯ ಮೇಲೆ ಟಾರ್ಚು, ಅಯಸ್ಕಾಂತ, ಗಾಡಿಯ ಅಡಿಭಾಗ ನೋಡುವ ಕನ್ನಡಿ ತುಂಬಿದ ಚೀಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಶಿವಪ್ಪ ಮನೂಕದ ದರ ಕೇಳಿದ.

ಊರಂಚಿನ ಗ್ಯಾರೇಜಿನ ಮುಂದೆ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಕೆಂಪು. ಬಂಪರಿನಿಂದ ಡಿಕ್ಕಿಯವರೆಗೆ ಕುಂಕುಮಗೆಂಪು. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಪಕ್ಕದ ಕಲ್ಲಿನ ಮೇಲೆ ನಲವತ್ತೈದರ ಆಸುಪಾಸಿನ ಗಂಗವ್ವ ಕೀಲಿ ಹಿಡಿದು ಕುಳಿತಿದ್ದಳು.

“ಏನ್ ಮಾಡಿದಿ ಬೇ ಇದು?” ಎಂದ ಶಿವಪ್ಪ. ಅವಳು ಕೀಲಿಯನ್ನು ನನ್ನತ್ತ ಚಾಚಿದಳು.

ಕಾರ್ಖಾನೆಯ ಬಣ್ಣ ಹೋಗಿತ್ತು. ಆದರೂ ಬಂದ ಕೆಲಸ ಮಾಡಲೇಬೇಕಲ್ಲ. ಮಣ್ಣಿನಲ್ಲಿ ಮಲಗಿ ಅಡಿಭಾಗ ನೋಡಿದೆ, ತುಕ್ಕಿಲ್ಲ. ಬಣ್ಣ ಆರಿದ ಕಡೆ ಬದಿಗಳಿಗೆ ಅಯಸ್ಕಾಂತ ತಾಗಿಸಿದೆ. ಎಲ್ಲ ಕಡೆ ಅಂಟಿತು; ಪುಟ್ಟಿ ಮೆತ್ತದ ಅಸಲಿ ತಗಡು. ಎಂಜಿನ್ ಒಂದೇ ಸಲಕ್ಕೆ ಹೊತ್ತಿತು. ಒಂದೊಂದು ಒಳ್ಳೆಯ ಗುಣ ಕಂಡಾಗಲೂ ನಷ್ಟ ಇನ್ನಷ್ಟು ದೊಡ್ಡದೆನಿಸಿತು. ನಿನ್ನೆ ಬೆಳಗಿನವರೆಗೆ ಇದು ಎರಡನೇ ದರ್ಜೆಯ ಗಾಡಿ. ಈಗ ನಾಲ್ಕು. ಪುಣೆಗೆ ಫೋನ್ ಮಾಡಿದೆ. ಬಣ್ಣದ ವಿಷಯ ಕೇಳಿದ್ದೇ ಅವರು “ಬೇಡ” ಎಂದು ಇಟ್ಟುಬಿಟ್ಟರು.

ಆಗ ಗಂಗವ್ವ ಎದ್ದು ಬಂದಳು. “ತಗೊಳ್ಳಾಂಗಿಲ್ಲಂತೇನ್ರಿ?”

“ಇಲ್ಲ.”

“ಛಲೋ ಆತು. ನೀವು ಆವತ್ತ ಫೋನಿನ್ಯಾಗ ಹೇಳೂ ಮುಂದ ಇವ್ರು ಸ್ಪೀಕರಿಗೆ ಹಾಕಿದ್ರು. ಬಣ್ಣ ಹಚ್ಚಿದ್ರ ಪುಣೆ ಮಂದಿ ಹೊಳ್ಳಿ ಸುದ್ದಾ ನೋಡಂಗಿಲ್ಲ ಅಂದಿದ್ರಿ. ಅದಕ್ಕ ಹಚ್ಚಿಸೀನಿ.”

ನನಗೆ ರೇಗಿತು. “ಗಾಡಿ ಉಳಿಸ್ಕೊಳ್ಳಾಕ ಗಾಡೀನ ಕೆಡಿಸಿದ್ರಲ್ಲ ತಾಯಿ! ಅಂಥಾ ಬಣ್ಣ ಇನ್ನ ಯಾರೂ ತರಾಕ ಆಗೂದಿಲ್ಲ.”

“ಕೆಟ್ಟಿಲ್ರಿ. ಓಡತೈತಿ.” ದನಿ ಏರಿಸದೆ ಹೇಳಿದಳು. “ನಮ್ಮ ಮಾವ ಇದರಾಗ ನನಗ ನಡಸೂದು ಕಲಿಸಿದ್ದ. ತವರಮನಿಗೆ ಆಗಲಿ, ದವಾಖಾನಿಗೆ ಆಗಲಿ, ಯಾರನ್ನೂ ಕೇಳದ ಹೋಗೀನಿ. ಮಾರಬ್ಯಾಡ್ರಿ ಅಂತ ಮೂರು ತಿಂಗಳು ಹೇಳೀನಿ. ಮನೂಕಕ್ಕ ಮೂಡಣ ಕಡೆ ಅಷ್ಟು ಜಾಗಾ ಬಿದ್ದೈತಿ. ಯಾರರ ಕೇಳಿದ್ರೇನು?”

ಶಿವಪ್ಪ ಬೇವಿನ ಮರ ನೋಡುತ್ತ ನಿಂತ. “ಮೂಡಣ ಕಡೆ ಶೆಡ್ಡು ಹಾಕಿದ್ರ ಮನೂಕಕ್ಕ ಬೇಕಾದಷ್ಟ ನೆಳ್ಳ ಬೀಳ್ತೈತೇನು?” ಎಂದ, ಯಾರಿಗೂ ಅಲ್ಲದಂತೆ.

“ಬೀಳ್ತೈತಿ” ಎಂದಳು ಗಂಗವ್ವ.

ಸಂಜೆಯ ರೈಲಿಗೆ ನನ್ನನ್ನು ಅವಳೇ ವಿಜಯಪುರಕ್ಕೆ ಬಿಟ್ಟಳು. ಶಿವಪ್ಪ ಮೋಟಾರ್ ಸೈಕಲ್ ಅಲ್ಲೇ ನಿಲ್ಲಿಸಿ ನಮ್ಮೊಂದಿಗೆ ಬಂದ. ಹಸಿ ಬಣ್ಣಕ್ಕೆ ದಾರಿಯ ಧೂಳು ಅಂಟತೊಡಗಿದಾಗ ನನ್ನಿಂದ ತಡೆಯಲಾಗಲಿಲ್ಲ. “ಸಾವಕಾಶ ಹೋಗ್ರಿ, ಇದೂ ಹಾಳಾಗ್ತೈತಿ” ಎಂದೆ. “ಅಂಟಲಿ ಬಿಡ್ರಿ” ಎಂದು ಅವಳು ಗೇರು ಬದಲಿಸಿದಳು. ಅಂಥ ನಯವಾದ ಗೇರ್‌ಬಾಕ್ಸ್ ನಾನು ಈಚೆಗೆ ಕಂಡಿರಲಿಲ್ಲ, ಹೇಳಲು ಮನಸ್ಸಾಗಲಿಲ್ಲ.

ನಿಲ್ದಾಣದ ಮುಂದೆ ಇಳಿದು ನೋಡಿದರೆ ನನ್ನ ಬಿಳಿ ಅಂಗಿಯ ತೋಳು ಕೆಂಪಾಗಿತ್ತು. ಬೈಯಬೇಕೆಂದು ತಿರುಗುವಷ್ಟರಲ್ಲಿ ಗಾಡಿ ಹೊರಟಿತ್ತು. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಅದರ ಬಾಗಿಲುಗಂಬದಿಂದ ಪುಟ್ಟ ಕೈಯಂಥ ತಿರುವು ಸೂಚಕ ಪಟಕ್ಕನೆ ಹೊರಬಂದು, ಅದರೊಳಗಿನ ದೀಪ ಹೊತ್ತಿತು. ಆ ಕಾಲದ ಗಾಡಿಗಳಲ್ಲಿ ಮೊದಲು ಕೆಡುವ ಭಾಗವದು. ಸಿಟ್ಟಿನಲ್ಲಿ ಅದನ್ನು ಪರೀಕ್ಷಿಸಲು ಮರೆತೇಬಿಟ್ಟಿದ್ದೆ. ಹಿಂದಿನ ಆಟೋಗಳೆಲ್ಲ ಹಾರ್ನ್ ಹೊಡೆಯುತ್ತ ನಿಂತವು. ಗಂಗವ್ವ ಅವಸರವಿಲ್ಲದೆ ತಿರುಗಿಸಿಕೊಂಡು ಹೋದಳು.