ಹೊಟ್ಟೆ ಕೊಯ್ದು ಹೆಸರು ಹೇಳುವವರು
ಹಿಲೋ ಎಂಬ ದ್ವೀಪದೂರಿನ ಕಹಾಲೆ ಅಂಕಲ್ ಪತಂಗಗಳ ಹೆಸರು ಹೇಳುವವರು. ಹುಳು ನೂಲು ಬಿಗಿದು ಮನೆ ಮಾಡಿಕೊಂಡ ತಾಳೆಗರಿ ಯಾರಾದರೂ ತಂದರೆ, ಮೊದಲು ಚಪ್ಪಲಿ ಕಳಚಿ, "ಮನೇಲಿ ಯಾರಿದ್ದೀರಪ್ಪಾ?" ಎಂದು ಕೂಗಿ, ಆಮೇಲಷ್ಟೇ ಬಿಚ್ಚುತ್ತಾರೆ. ರೆಕ್ಕೆ ತೋರಿಸಿ ಹೆಸರು ಕೇಳಿದರೆ ಸಿಡುಕು: "ಕಂದು ರೆಕ್ಕೆ ಎಲ್ಲಕ್ಕೂ ಒಂದೇ ಕಣಮ್ಮಾ! ಸಾಯಿಸಿ, ಹೊಟ್ಟೆ ಕೊಯ್ದು, ಹಿಂಭಾಗ ನೋಡ್ದೆ ನಾನು ಬಾಯಿ ಬಿಡಲ್ಲ." "ಮತ್ತೆ ನಿಮ್ಮ ಹೆಂಡ್ತೀನ ಹೇಗೆ ಗುರುತು ಹಿಡೀತೀರಿ?" ಎಂದು ನೆರೆಯ ಪುವಾನಾನಿ ಕೆಣಕಿದರೆ, "ಬೈಗುಳದಿಂದ" ಎನ್ನುತ್ತಾರೆ. ನೂರು ವರ್ಷದಿಂದ ಯಾರಿಗೂ ಕಾಣದ, ತಾವು ಆಯುಷ್ಯವೆಲ್ಲ ಹುಡುಕಿದ ಪತಂಗದ ಚಿತ್ರ ಅವರ ಮೇಜಿನ ಮೇಲಿದೆ. ಕಳೆದ ತಿಂಗಳು ಥೇಟ್ ಅದರಂಥದ್ದೇ ಪತಂಗವೊಂದು ಯಾರೋ ತಂದ ಗರಿಯಿಂದ ಹೊರಬಂತು. ಅಂಕಲ್ ಕತ್ತರಿ ಎತ್ತಿದರು, ಇಳಿಸಿದರು, ಕಿಟಕಿ ತೆರೆದರು. ಆಮೇಲೆ ಪುಸ್ತಕದಲ್ಲಿ ಬರೆದರು: "ಗುರುತು ಸಿಗಲಿಲ್ಲ."