ಹರಿಯ ಪಾದದ ಕೆಸರು

ಬಂಟ್ವಾಳ ಪೇಟೆಯಲ್ಲಿ ಹಾಲಿನ ಗಾಡಿಯವರನ್ನು ಬಿಟ್ಟರೆ ಇನ್ನೂ ಯಾರೂ ಎದ್ದಿಲ್ಲ. ಹಿಟ್ಟಿನ ಗಿರಣಿಯ ಪಕ್ಕದ ಮರದ ಮೆಟ್ಟಿಲು ಹತ್ತಿ ರಾಜೀವಿ ಮಾಳಿಗೆಯ ಬೀಗ ತೆಗೆಯುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಗಣಪತಿಗೆ ಒಂದು ಊದುಬತ್ತಿ ಹಚ್ಚಿ, ಆಮೇಲೆಯೇ ಕಂಪ್ಯೂಟರಿನ ಗುಂಡಿ ಒತ್ತುವುದು. ಪರದೆಯ ಮೇಲೆ ಬೂದಿ ಬಣ್ಣದ ಒಂದು ಮುಖ, ಅರೆಮುಚ್ಚಿದ ಕಣ್ಣು. ರಾಜೀವಿ ಪ್ಲಾಸ್ಟಿಕ್ ಪೆನ್ನು ಹಿಡಿದು, ಎಳೆಮಗುವಿಗೆ ಕಾಡಿಗೆ ಹಚ್ಚುವವರ ಹಾಗೆ ಉಸಿರು ಬಿಗಿಹಿಡಿದು, ಆ ಕಣ್ಣಿನ ಅಂಚಿಗೆ ಗೆರೆ ಎಳೆಯುತ್ತಾರೆ.

"ಕೆಳಗೆ ಗಿರಣಿ ಶುರುವಾದರೆ ಮೇಜು ನಡುಗ್ಲಿಕ್ಕೆ ಹಿಡಿಯುತ್ತದೆ. ಸೀರೆ, ಗೋಡೆ, ಆಕಾಶ ಎಲ್ಲ ಆಗ ಮಾಡಬಹುದು. ಕಣ್ಣು, ಬೆರಳು ಆಗ್ಲಿಕ್ಕಿಲ್ಲ. ನಡುಗುವ ಮೇಜಿನಲ್ಲಿ ಕಣ್ಣು ಬರೆದರೆ ಆ ಮನುಷ್ಯ ಸಿನಿಮಾ ಮುಗಿಯುವವರೆಗೆ ಕುಡಿದವನ ಹಾಗೆ ಕಾಣ್ತಾನೆ," ಎಂದು ನಗುತ್ತಾರೆ. ಹಾಗಾಗಿ ಮುಖಗಳೆಲ್ಲ ಬೆಳಗಿನ ಜಾವದ ಪಾಲು.

ರಾಜೀವಿಯವರ ಕೆಲಸ ಹಳೆಯ ಕಪ್ಪು-ಬಿಳುಪು ಸಿನಿಮಾಗಳಿಗೆ ಬಣ್ಣ ತುಂಬುವುದು. ದೊಡ್ಡ ಊರಿನ ಕಂಪನಿಯೊಂದು ಚಿತ್ರವನ್ನು ತುಂಡು ತುಂಡು ಮಾಡಿ ಕಳಿಸುತ್ತದೆ. ಯಂತ್ರ ತನಗೆ ತೋಚಿದ ಬಣ್ಣ ಬಳಿದಿರುತ್ತದೆ. ಕೈ ಎಲ್ಲಿ ಮುಗಿಯಿತು, ಬಳೆ ಎಲ್ಲಿ ಶುರುವಾಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಕೂದಲಿನ ಕಪ್ಪು ಹಣೆಗೆ ಇಳಿದಿರುತ್ತದೆ, ಸೀರೆಯ ಹಸಿರು ತುಟಿಗೆ ಹತ್ತಿರುತ್ತದೆ. ಅದನ್ನು ಒಂದೊಂದು ಚಿತ್ರಕ್ಕೂ ಕೈಯಲ್ಲಿ ತಿದ್ದಬೇಕು. ಪರದೆಯ ಮೇಲೆ ಯಾರಾದರೂ ಒಮ್ಮೆ ಕಣ್ಣು ಮಿಟುಕಿಸಿದರೆ ರಾಜೀವಿಗೆ ಅರ್ಧ ಬೆಳಗು ಹೋಯಿತು.

ಅವರ ಮನೆ ಬೆಳ್ತಂಗಡಿಯಿಂದ ಒಳಗೆ, ಘಟ್ಟದ ಬುಡದಲ್ಲಿ. ಗಂಡ ತುಕ್ರಪ್ಪ ಹಣೆಗೆ ದೀಪ ಕಟ್ಟಿಕೊಂಡು ಬೇರೆಯವರ ರಬ್ಬರ್ ತೋಟಕ್ಕೆ ಹಾಲು ತೆಗೆಯುವ ಟ್ಯಾಪಿಂಗಿಗೆ ಹೊರಟಾಗ ಇವರು ಮೊದಲ ಬಸ್ಸಿಗೆ ಹೊರಡುತ್ತಾರೆ. ಮದುವೆಯಾದ ಹೊಸತರಲ್ಲಿ ಬೀಡಿ ಕಟ್ಟುತ್ತಿದ್ದರು. ಆಮೇಲೆ ಪೇಟೆಯ ಫೋಟೋ ಸ್ಟುಡಿಯೋದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಕಂಪ್ಯೂಟರ್ ಕಲಿತರು. ಉತ್ತರಕ್ರಿಯೆಯ ಬೊಜ್ಜದ ದಿನ ಹಾರ ಹಾಕಿ ಇಡಲು ತೀರಿಹೋದವರ ಒಂದು ಪಟ ಬೇಕಲ್ಲ? ಮನೆಯವರು ರೇಷನ್ ಕಾರ್ಡಿನ ಮಸುಕು ಫೋಟೋ ತರುತ್ತಿದ್ದರು. ಅದಕ್ಕೆ ಬಣ್ಣ ಕೊಟ್ಟು, ಅಂಗಿ ಹಾಕಿಸಿ, ಮುಖದಲ್ಲಿ ಸ್ವಲ್ಪ ಜೀವ ತರಿಸುವುದು ರಾಜೀವಿಯ ಕೆಲಸ. "ಸತ್ತವರ ಮುಖ ಮುಟ್ಟುವಾಗ ಹೆದರಿಕೆ ಇರಲಿಲ್ಲ. ದೇವರನ್ನು ಮುಟ್ಟುವಾಗ ಹೆದರಿದೆ," ಎನ್ನುತ್ತಾರೆ.

ಆ ಹೆದರಿಕೆ ಬಂದದ್ದು 'ಹೊಳೆ ದಾಟಿಸಿದ ಹರಿ' ಎಂಬ ಹಳೆಯ ಭಕ್ತಿಚಿತ್ರಕ್ಕೆ ಬಣ್ಣ ತುಂಬುವ ಕೆಲಸ ಈ ಮಾಳಿಗೆಗೆ ಬಂದಾಗ. ಚಿತ್ರದ ಕಥೆ ಸಣ್ಣದು. ಒಬ್ಬ ಮುದಿ ಅಂಬಿಗ. ಹೊಳೆಯಲ್ಲಿ ನೆರೆ, ಅವನಿಗೆ ಜ್ವರ, ಈಚೆ ದಡದಲ್ಲಿ ಯಾತ್ರಿಕರು. ಅಂಬಿಗ ಮಲಗಿದಲ್ಲಿಂದಲೇ ಹರಿಯನ್ನು ಕರೆಯುತ್ತಾನೆ. ಹರಿ ಬಂದು, ಅಂಬಿಗನ ಕಂಬಳಿ ಹೊದ್ದು, ತಾನೇ ದೋಣಿ ನಡೆಸುತ್ತಾನೆ. ಆಚೆ ದಡದಲ್ಲಿ ನೀರಿನಿಂದ ಅವನ ಪಾದ ಮೇಲೆ ಬರುವುದು ಕಾಣುತ್ತದೆ. ಮುಖ ಕೊನೆಯವರೆಗೂ ಕಾಣುವುದಿಲ್ಲ. ಚಿತ್ರದ ಪುಣ್ಯವೆಲ್ಲ ಆ ಪಾದದಲ್ಲಿ ಉಂಟು.

ಮಾಳಿಗೆಯಲ್ಲಿ ಆಗ ಕೆಲಸಕ್ಕಿದ್ದದ್ದು ಇಬ್ಬರು. ರಾಜೀವಿ ಮತ್ತು ಹಸ್ನಾ. ಹಸ್ನಾ ಬಂಟ್ವಾಳದವಳೇ, ಹೊಳೆಬದಿಯ ತಗ್ಗಿನ ಓಣಿಯ ಬ್ಯಾರಿ ಮನೆಯ ಹುಡುಗಿ. ಮಾತು ತುಳುವಿನಲ್ಲಿ, ತಮಾಷೆಯೂ ತುಳುವಿನಲ್ಲಿ. ಇಬ್ಬರ ನಡುವೆ ಒಂದು ಒಪ್ಪಂದ ಇತ್ತು. ತಿಂಗಳ ಆ ಮೂರು ದಿನ ರಾಜೀವಿ ಮನೆಯಲ್ಲಿ ದೇವರ ಕೋಣೆಗೆ ಹೋಗುವುದಿಲ್ಲ. ಪರದೆಯ ದೇವರನ್ನೂ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಗುಡಿ, ಮೂರ್ತಿ, ಹರಿ ಎಲ್ಲ ಹಸ್ನಾಳ ಪಾಲಿಗೆ. ರಾಜೀವಿ ಅವಳ ಪಾಲಿನ ಮರ, ದೋಣಿ, ದನಗಳನ್ನು ಮಾಡುತ್ತಾರೆ. ಹಸ್ನಾಳಿಗೆ ಉಪವಾಸದ ತಿಂಗಳು ಬಂದಾಗ ಸಂಜೆಯ ಕೆಲಸವೆಲ್ಲ ರಾಜೀವಿಯದು.

"ನಿನಗೆ ನಮ್ಮ ದೇವರನ್ನು ಮುಟ್ಟಿದರೆ ಮನೆಯಲ್ಲಿ ಬೈಯುವುದಿಲ್ವಾ?" ಎಂದು ರಾಜೀವಿ ಕೇಳಿದ್ದುಂಟು.

"ಚಿತ್ರ ಮಾಡಿದರೆ ಬೈಯಬಹುದು ಅಕ್ಕ. ಮಾಡಿದವರು ಯಾವಾಗಲೋ ಮಾಡಿ ಹೋಗಿದ್ದಾರೆ. ನಾನು ಬಣ್ಣ ಹಾಕುವುದು ಮಾತ್ರ," ಎಂದಳಂತೆ ಹಸ್ನಾ. "ಮತ್ತೆ ನಿಮ್ಮ ದೇವರಿಗೆ ನೀವು ತಿಂಗಳಿಗೆ ಮೂರು ದಿನ ರಜೆ ಹಾಕಿದರೆ, ಅವನು ಊಟ ಯಾರ ಕೈಯಲ್ಲಿ ಕೇಳಬೇಕು?"

"ನಿನ್ನ ನಾಲಿಗೆ ಉಂಟಲ್ಲ, ಮಾರಾಯ್ತಿ," ಎಂದು ರಾಜೀವಿ ತಲೆಗೊಂದು ಮೊಟಕಿದ್ದರು.

ಹರಿಯ ಪಾದದ ದೃಶ್ಯ ಬಂದದ್ದು ಸರಿಯಾಗಿ ಆ ದಿನಗಳಲ್ಲೇ. ಹಾಗಾಗಿ ಅದು ಹಸ್ನಾಳ ಕೈಗೆ ಹೋಯಿತು. ರಾಜೀವಿ ಆ ಪರದೆಯ ಕಡೆಗೆ ಬೆನ್ನು ಹಾಕಿ ಕೂತು ಗದ್ದೆ, ಗುಡ್ಡ ಮಾಡಿದರು. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಬಂದು ನೋಡುತ್ತಾರೆ: ಕ್ಯಾಲೆಂಡರಿನ ನೀಲಿ ಪಾದವಲ್ಲ ಅದು. ನೀರಿನಲ್ಲಿ ನೆನೆದು, ಹಿಮ್ಮಡಿಯಲ್ಲಿ ಬಿಳಿಚಿ ತುಸು ಸುಕ್ಕಾದ ಕಪ್ಪು ಪಾದ. ಉಗುರಿನ ಸಂದಿಯಲ್ಲಿ ಕೆಂಪು ಕೆಸರು.

"ದೇವರಿಗೆ ಕೆಸರು ಮೆತ್ತಿದ್ದೀಯಲ್ಲ!"

"ನೆರೆಗೆ ಇಳಿದವರ ಕಾಲು ಮತ್ತೆ ಹೇಗಿರ್ತದೆ ಅಕ್ಕ? ನೇತ್ರಾವತಿ ನಮ್ಮ ಮನೆಯೊಳಗೆ ಬಂದಾಗ ಬಾಪ ಸಾಮಾನು ಹೊತ್ತುಹೊತ್ತು ಮೇಲೆ ಇಟ್ಟದ್ದು. ಅವರ ಕಾಲು ನೋಡಿದ್ದೇನೆ. ನಿಮ್ಮ ಹರಿ ಇಷ್ಟು ಜನರನ್ನು ದಾಟಿಸಿದ್ದಾನೆ, ಕಾಲಿಗೆ ಏನೂ ಆಗಿಲ್ಲ ಅಂದರೆ ದೋಣಿ ನಡೆಸಿದ್ದು ಸುಳ್ಳಾಗ್ತದೆ."

ರಾಜೀವಿ ಪಾದದ ಕಡೆ ಇನ್ನೊಮ್ಮೆ ನೋಡಿದರು. ಕೈ ತನ್ನಷ್ಟಕ್ಕೆ ಮುಗಿದಿತ್ತು.

ಕೆಲಸ ಮುಗಿಯುವ ಹೊತ್ತಿಗೆ ಜಿತೇಶ್ ಒಂದು ಸಿಹಿ ಸುದ್ದಿ ತಂದರು. ಕಂಪನಿಯಿಂದ ಕೆಲಸ ಹಿಡಿದು ಈ ಮಾಳಿಗೆ ನಡೆಸುವವರು ಅವರೇ. ಚಿತ್ರದ ಕೊನೆಗೆ ಬಣ್ಣ ತುಂಬಿದವರ ಹೆಸರು ಹಾಕುತ್ತಾರಂತೆ. ಇಷ್ಟು ವರ್ಷ ಯಾರೂ ಕೇಳದ ಹೆಸರು. ಹಸ್ನಾ ತನ್ನ ಹೆಸರಿನ ಅಕ್ಷರಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ತಪ್ಪಾಗಬಾರದೆಂದು ಜಿತೇಶರಿಗೆ ಎರಡು ಸಲ ತೋರಿಸಿದಳು. ಬಾಪನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದಳು.

ಅದರ ಬೆನ್ನಿಗೇ ಪ್ರಚಾರಕ್ಕೆ ವಿಡಿಯೋ ಮಾಡುವವರು ಬಂದರು. ರಾಜೀವಿಯ ಮುಂದೆ ಮೈಕ್ ಹಿಡಿದು, "ದೇವರ ಚಿತ್ರಕ್ಕೆ ಎಷ್ಟು ಭಕ್ತಿಯಿಂದ ಬಣ್ಣ ಹಾಕಿದಿರಿ, ಹೇಳಿ ಅಮ್ಮ," ಎಂದರು. ಭಕ್ತಿ ಎಂದರೆ ರಾಜೀವಿಗೆ ಮೊದಲು ನೆನಪಾಗುವುದು ಮಡಿ. ಒಂದು ದಿನವೂ ಮಡಿ ತಪ್ಪಲಿಲ್ಲ ಎಂಬುದೇ ಅವರ ಹೆಮ್ಮೆ. ಅದನ್ನೇ ಹೇಳಿದರು. ಆ ಮೂರು ದಿನ ನಾನು ಹರಿಯನ್ನು ಮುಟ್ಟಲಿಲ್ಲ, ನಮ್ಮ ಹಸ್ನಾ ಮಾಡಿದಳು, ಆ ಪಾದ ಅವಳದ್ದೇ, ನೋಡಿ ಎಷ್ಟು ಚಂದ ಎಂದರು. ಕ್ಯಾಮೆರಾದವನು ಜಿತೇಶರ ಮುಖ ನೋಡಿದ. ಜಿತೇಶ್ ನೆಲ ನೋಡಿದರು.

ಮರುದಿನ ಜಿತೇಶ್ ಮೆಟ್ಟಿಲಿನಲ್ಲೇ ತಡೆದರು. "ಅದನ್ನೆಲ್ಲ ಯಾಕೆ ಹೇಳ್ಲಿಕ್ಕೆ ಹೋದದ್ದು ರಾಜೀವಕ್ಕ? ಹೆಂಗಸರ ವಿಷಯ ಒಂದು, ಅದರ ಮೇಲೆ ಹಸ್ನಾಳ ಹೆಸರು ಬೇರೆ. ಕಂಪನಿಯವರು ಹೆದರಿದ್ದಾರೆ. ಭಕ್ತಿಚಿತ್ರ ಮಾರಾಯ್ರೆ, ನಾಳೆ ಯಾರಾದರೂ ಗಲಾಟೆ ಎಬ್ಬಿಸಿದರೆ?"

"ಸತ್ಯ ಹೇಳಿದ್ದಲ್ವಾ?"

"ಸತ್ಯ ಯಾರು ಕೇಳಿದ್ದು? ಭಕ್ತಿ ಕೇಳಿದ್ದು."

ಹಸ್ನಾಳ ಹೆಸರು ಹೋಯಿತು. ಹಾಗಾದರೆ ನನ್ನದನ್ನೂ ತೆಗೆಯಿರಿ ಎಂದು ರಾಜೀವಿ ಹೇಳಿದರು. ಒಂದು ಹೆಸರಾದರೂ ಊರಿನದು ಇರಲಿ ಎಂದು ಅವರದ್ದನ್ನು ಇಟ್ಟರು. ಪಾದವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಬಿಡುಗಡೆ ಹತ್ತಿರ ಬಂದಿತ್ತು. ಹೆಸರು ಅಳಿಸಲು ಒಂದು ಗಳಿಗೆ ಸಾಕು. ಪಾದ ಹೊಸದಾಗಿ ಮಾಡಲು ದಿನಗಟ್ಟಲೆ ಬೇಕು.

ಮೂಡುಬಿದಿರೆಯಲ್ಲಿ ಮೊದಲ ಪ್ರದರ್ಶನದ ದಿನ ರಾಜೀವಿಗೆ ಸನ್ಮಾನ. ಅವರು ಒಪ್ಪಿದ್ದು ಒಂದೇ ಕಾರಣಕ್ಕೆ: ವೇದಿಕೆಯಲ್ಲಿ ಮೈಕ್ ಕೊಡುತ್ತಾರೆ, ಆಗ ಹೇಳಿಬಿಡುವುದು. ಬಸ್ಸಿನಲ್ಲಿ ಇಡೀ ದಾರಿ ಆ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ಹೊಂದಿಸಿಕೊಂಡರು.

ಸಿನಿಮಾ ನಡೆಯಿತು. ಹರಿಯ ಪಾದ ನೀರಿನಿಂದ ಮೇಲೆ ಬಂದಾಗ ಮುಂದಿನ ಸಾಲಿನ ಒಬ್ಬ ಅಜ್ಜಿ ಸೆರಗು ಹೊದ್ದು ಕೈಮುಗಿದರು, ಅವರನ್ನು ನೋಡಿ ಸಾಲಿಗೆ ಸಾಲೇ ಕೈಮುಗಿಯಿತು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು, "ಕೆಸರು ನೋಡಿ, ನಮಗೋಸ್ಕರ ಇಳಿದದ್ದು," ಎಂದರು. ಯಾರ ಕೈ ಅದನ್ನು ಹಾಕಿದ್ದೆಂದು ರಾಜೀವಿಗೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ವೇದಿಕೆಗೆ ಕರೆದರು.

ಶಾಲು, ಹಾರ, ಹಣ್ಣಿನ ಬುಟ್ಟಿ. ರಾಜೀವಿ ಮೈಕಿನ ಮುಂದೆ ನಿಂತು, "ನಾನು ಒಬ್ಬಳೇ ಅಲ್ಲ, ಆ ಪಾದ..." ಎಂದು, ಬಸ್ಸಿನಲ್ಲಿ ಹೊಂದಿಸಿಕೊಂಡ ಮುಂದಿನ ಮಾತಿಗೆ ತಡಕಾಡಿದರು. ನಿರೂಪಕರು ಮೈಕ್ ತೆಗೆದುಕೊಂಡರು. "ರಾಜೀವಿಯಮ್ಮ ಭಾವುಕರಾಗಿದ್ದಾರೆ. ಹರಿಯ ಪಾದದ ಮಹಿಮೆಯೇ ಅಂಥದ್ದು. ಜೋರಾಗಿ ಚಪ್ಪಾಳೆ!" ಚಪ್ಪಾಳೆ ನಿಲ್ಲುವಾಗ ಮುಂದಿನವರ ಹೆಸರು ಕರೆದಾಗಿತ್ತು.

ಹಸ್ನಾ ಮಾಳಿಗೆಯ ಕೆಲಸ ಬಿಟ್ಟು ಈಗ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಬಳೆ ಮಾರುತ್ತಾಳೆ. ಬಾಪನಿಗೆ ಸಿನಿಮಾ ತೋರಿಸಲಿಲ್ಲ. ಬುಟ್ಟಿಯ ಹಣ್ಣು ಕೊಡಲು ಹೋದ ರಾಜೀವಿಯನ್ನು ಸ್ಟೂಲು ಎಳೆದು ಕೂರಿಸಿದಳು. "ಹೆಸರು ಬರುವಾಗ ಎಲ್ಲರೂ ಎದ್ದು ಹೋಗ್ತಾರೆ ಅಕ್ಕ. ಯಾರು ಓದುವುದು?" ಎಂದಳು. ಹಣ್ಣು ತೆಗೆದುಕೊಂಡಳು. ಮತ್ತೆ ಕೆಲಸಕ್ಕೆ ಬಾ ಎಂದರೆ, ಗಿರಾಕಿಯ ಕಡೆ ತಿರುಗಿದಳು.

ಮಾಳಿಗೆಗೆ ಇನ್ನೊಂದು ಭಕ್ತಿಚಿತ್ರ ಬಂದಿದೆ. ಹಸ್ನಾಳ ಜಾಗಕ್ಕೆ ಬೇರೆ ಜನ ನೋಡುವ ಎಂದು ಜಿತೇಶ್ ಹೇಳುತ್ತಲೇ ಇದ್ದಾರೆ. ರಾಜೀವಿ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ಆ ಮೂರು ದಿನ ಈಗ ಮನೆಯಲ್ಲೇ ಕೂರುತ್ತಾರೆ. ದೇವರು ಅಷ್ಟು ದಿನ ಬಣ್ಣವಿಲ್ಲದೆ ಕಾಯುತ್ತಾನೆ.

ಕೆಳಗೆ ಗಿರಣಿ ಶುರುವಾಗುತ್ತದೆ. ಪೆನ್ನು ಕೆಳಗಿಟ್ಟು, ಬೆರಳು ನೀವಿಕೊಳ್ಳುತ್ತ ರಾಜೀವಿ ಹೇಳುತ್ತಾರೆ: "ಶಾಲು ಹಾಕಿದವರು ಕೆಲಸಕ್ಕೆ ಎಷ್ಟು ದಿನ ಹಿಡಿಯಿತು, ಎಷ್ಟು ಸಂಬಳ, ಎಲ್ಲ ಕೇಳಿದರು. ಪಾದಕ್ಕೆ ಬಣ್ಣ ಹಾಕಿದ್ದು ಯಾರು ಅಂತ ಕೇಳಿದರೆ ಈಗಲೂ ಹೇಳ್ತೇನೆ. ಯಾರೂ ಕೇಳುವುದಿಲ್ಲ. ಕೈಮುಗಿದು ಹೋಗ್ತಾರೆ."