ಗ್ಲುಕೋಸ್ ಹಚ್ಚಿದ ಬೆಳಗು

"ಗ್ಲುಕೋಸಿನಿಂದ ಯಾರೂ ಸಾಯುವುದಿಲ್ಲ." ಹಾಗೆಂದವನು ನಾನೇ, ಗೌಂಡಿ ಸಿದ್ರಾಮನ ಹೆಂಡತಿ ಶಾಂತವ್ವನಿಗೆ. ಎಂಟು ವರ್ಷದ ಹಿಂದಿನ ಮಾತು. ಟಿಕೋಟಾದಲ್ಲಿ ನನ್ನ ಕ್ಲಿನಿಕ್ ಆಗಷ್ಟೇ ಕುದುರಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು, ಎಂ.ಬಿ.ಬಿ.ಎಸ್. ಬೋರ್ಡನ್ನು ದಿನಾ ನಾನೇ ಒರೆಸುತ್ತಿದ್ದೆ.

ಯುಗಾದಿಯ ಮರುದಿನ ಬೆಳಿಗ್ಗೆ ಸಿದ್ರಾಮನನ್ನು ಬಬಲೇಶ್ವರದಿಂದ ಟೆಂಪೋದಲ್ಲಿ ಮಲಗಿಸಿ ತಂದರು. ಮೂವತ್ತೆರಡರ ಗಟ್ಟಿ ಆಳು. ಎಚ್ಚರವಿತ್ತು, ಮಾತಿತ್ತು, ಕೈಕಾಲು ಮಾತ್ರ ಏಳುತ್ತಿರಲಿಲ್ಲ.

"ನನ್ನ ಕೈನ ನನಗ ಸಿಮಿಂಟ್ ಚೀಲ ಆಗ್ಯಾವ್ರೀ ಸಾಹೇಬ್ರ," ಎಂದು ನಕ್ಕ.

ಶಾಂತವ್ವ ಹೇಳಿದಳು: "ಹೋಳಿಗಿ ಉಂಡ ಮರುದಿನಾನ ಹಿಂಗ ಆಗ್ತೈತ್ರಿ. ದೀಪಾವಳಿಗೂ ಬಿದ್ದಿದ್ರು, ಸಂಜೀಕ ತಾವ ಎದ್ರು."

"ಹಂಗಾರ ಕಡಿಮಿ ಬಡಸಬೇಕವ್ವಾ," ಎಂದೆ. ಎಲ್ಲರೂ ನಕ್ಕರು.

ನಮ್ಮ ಕಡೆ ನಿಶ್ಶಕ್ತಿ ಎಂದು ಬಂದವರಿಗೆ ಬಾಟಲಿ ಹಚ್ಚದವನು ಡಾಕ್ಟರನೇ ಅಲ್ಲ. ಡೆಕ್ಸ್ಟ್ರೋಸ್, ಅಂದರೆ ಗ್ಲುಕೋಸಿನ ಸಕ್ಕರೆ ನೀರು, ಹಚ್ಚಿದೆ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಅವನ ಕುತ್ತಿಗೆ ವಾಲಿತು, ಉಸಿರು ಸಣ್ಣದಾಯಿತು. ನನ್ನ ಕಾರಿನಲ್ಲೇ ವಿಜಯಪುರಕ್ಕೆ ಒಯ್ದೆ. ರಕ್ತದ ಪೊಟ್ಯಾಸಿಯಂ 1.7, ಇರಬೇಕಾದದ್ದು 3.5ರ ಮೇಲೆ. ಹೃದಯದ ಬಡಿತ ತಪ್ಪಿ ಮಧ್ಯಾಹ್ನ ತೀರಿಕೊಂಡ.

ಯಾರೂ ನನ್ನನ್ನು ಬೈಯಲಿಲ್ಲ. ಸ್ವಂತ ಕಾರಿನಲ್ಲಿ ಒಯ್ದರೆಂದು ಮಣ್ಣಿನ ದಿನ ಅವನ ಅಣ್ಣ ಕೈಮುಗಿದ. ನನಗೆ ತಲೆ ಎತ್ತಲಾಗಲಿಲ್ಲ.

ಮುಂದಿನ ವರ್ಷ ಸಿದ್ರಾಮನ ಹದಿನಾಲ್ಕರ ಮಗಳು ರೇಣುಕಾಳಿಗೂ ಒಂದು ಬೆಳಿಗ್ಗೆ ಕಾಲು ಏಳದಾಯಿತು. ಈ ಸಲ ಬಾಟಲಿ ಮುಟ್ಟಲಿಲ್ಲ. ಪೊಟ್ಯಾಸಿಯಂ ಕುಡಿಸಿ, ವಿಜಯಪುರಕ್ಕೆ ಸೇರಿಸಿ, ಜೀನ್ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಹೈಪೋಕಲೀಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್ ಎಂದಿತ್ತು. ಕ್ಯಾಲ್ಸಿಯಂ ಚಾನೆಲ್ ಎಂದರೆ ಸ್ನಾಯುಕೋಶದ ಗೋಡೆಯಲ್ಲಿನ ಒಂದು ಬಾಗಿಲು. ಅದನ್ನು ರೂಪಿಸುವ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ, ಬಾಗಿಲು ಸೋರುತ್ತದೆ. ಸಿಹಿ ಹೆಚ್ಚಾದಾಗ ಇನ್ಸುಲಿನ್ ರಕ್ತದ ಪೊಟ್ಯಾಸಿಯಮ್ಮನ್ನು ಕೋಶಗಳೊಳಗೆ ತಳ್ಳುತ್ತದೆ. ಆಗ ಈ ಸೋರುವ ಸ್ನಾಯು ನರ ಕರೆದರೂ ಓಗೊಡದು. ಹೋಳಿಗೆ ಆರಂಭಿಸಿದ್ದನ್ನು ನನ್ನ ಬಾಟಲಿ ಮುಗಿಸಿತ್ತು.

ಶಾಂತವ್ವನಿಗೆ ಎಲ್ಲವನ್ನೂ ಹೇಳಿದೆ, ಬಾಟಲಿಯದನ್ನೂ. ಈ ಕಾಯಿಲೆಯನ್ನು ನಾನು ಓದಿ ಪರೀಕ್ಷೆ ಬರೆದಿದ್ದೆ. ಅವಳು ಬಾಯಿಬಿಟ್ಟು ಹೇಳಿದಾಗ ಗುರುತಿಸಲಿಲ್ಲ. ಮನೆಯವರು 'ಇದಾದ ಮೇಲೆ ಹಿಂಗಾಗ್ತೈತಿ' ಎಂದರೆ ಈಗ ಪೆನ್ನು ಕೆಳಗಿಟ್ಟು ಪೂರ್ತಿ ಕೇಳುತ್ತೇನೆ.

ರೇಣುಕಾಳ ಹೆಸರಿಗೆ ಸರ್ಟಿಫಿಕೇಟ್ ಬರೆದೆ: ಕಾಯಿಲೆಯ ಹೆಸರು, ಗ್ಲುಕೋಸ್ ಹಚ್ಚಬಾರದು, ಮೊದಲು ಪೊಟ್ಯಾಸಿಯಂ ನೋಡಬೇಕು. ಸಹಿ ಹಾಕಿ ಕೊಟ್ಟೆ. ಶಾಂತವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಮತ್ತೆ ನನ್ನ ಟೇಬಲ್ಲಿನ ಮೇಲಿಟ್ಟಳು.

"ಅಕಿಗಿ ಇನ್ನೊಂದು ಬರದು ಕೊಡ್ರಿ ಸಾಹೇಬ್ರ. ಇದು ಇಲ್ಲೇ ಇರ್ಲಿ, ನೀವು ಬಾಟ್ಲಿ ತೂಗಹಾಕೋ ಗ್ವಾಡಿಗಿ."